ಹೆಸರು ಮಡಚಿ ಓದು

ಗುರುವಾರ, ಆಸ್ಪತ್ರೆಯ ಕ್ಯಾಂಟೀನಿನಿಂದ

ಮಹಾಮಹಿಮ ಅಕ್ಕನವರ ಸನ್ನಿಧಾನಕ್ಕೆ ತರಲೆ ತಂಗಿಯ ವಿಜ್ಞಾಪನೆ.

ಉಭಯ ಕುಶಲೋಪರಿ ಎಂದು ಬರೆಯಹೊರಟ ಕೈ ನಿಂತುಬಿಟ್ಟಿತು. ಇಲ್ಲಿ ಕುಶಲ ಅರ್ಧಂಬರ್ಧ. ನಿನ್ನೆ ಫೋನಿನಲ್ಲಿ ಅಮ್ಮನಿಗೆ ಹೃದಯಾಘಾತ ಎಂದಾಗ “ಹೋಗೇ ಸುಳ್ಳುಬುರುಕಿ” ಎಂದು ಫೋನ್ ಕುಕ್ಕಿದೆಯಲ್ಲ, ತಪ್ಪು ನಿನ್ನದಲ್ಲ. ಹೋದ ಸಲ ಅಮ್ಮನನ್ನು ಪೊಲೀಸರು ಹಿಡಿದಿದ್ದಾರೆ ಎಂದು ನಂಬಿಸಿದವಳು ನಾನೇ. ಆದ್ದರಿಂದ ಈ ಲಿಖಿತ ಹೇಳಿಕೆಯನ್ನು ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರಿಗೆ ಸುಳ್ಳು ಹೇಳಲು ಬಾರದು, ಬೇಕಾದರೆ ಮುಖ ನೋಡು. ಗಾಬರಿಯಾಗಬೇಡ, ಅಮ್ಮ ಬದುಕಿದ್ದಾಳೆ. ಪಕ್ಕದ ಹಾಸಿಗೆಯವರಿಗೆ ಉಪ್ಪು ಬಿಡಿ ಎಂದು ಬೋಧಿಸುತ್ತಿದ್ದಾಳೆ.

ಅಮ್ಮನ ಪುರಾಣ ನಿನಗೆ ಹೊಸದಲ್ಲ. ವರ್ಷಗಟ್ಟಲೆ ಕಟ್ಟಿಕೊಂಡ ರಕ್ತನಾಳ ಬಿಡಿಸಿದಳು. ಆಮೇಲೆ “ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕೋ ಕೆಲ್ಸ ಸಾಕು” ಎಂದು ಹೃದ್ರೋಗ ಬರದಂತೆ ತಡೆಯುವ ವೈದ್ಯೆಯಾದಳು, ನಮ್ಮಂಥ ಮೆಡಿಕಲ್ ವಿದ್ಯಾರ್ಥಿಗಳಿಗೆ ಮೇಷ್ಟ್ರಮ್ಮನಾದಳು. ಎಲ್ಲರಿಗೂ ನಡೆಯಿರಿ ಅನ್ನುತ್ತಾಳೆಂದು ಜೊತೆಯ ಹೃದಯತಜ್ಞರು “ವಾಕಿಂಗ್ ಡಾಕ್ಟ್ರು” ಎಂದು ನಕ್ಕರು. ನೀನೂ ನಕ್ಕೆ. ಅವಳ ತರಗತಿಯಲ್ಲಿ ಒಂದೇ ಕಟ್ಟಳೆ: ಇಸಿಜಿ ಕಾಗದದಲ್ಲಿ ಹೆಸರು, ವಯಸ್ಸು ಇರುವ ಅಂಚನ್ನು ಹಿಂದಕ್ಕೆ ಮಡಚಿಯೇ ಓದಬೇಕು. “ಹೆಸ್ರು ಕಂಡ್ರೆ ಕಣ್ಣು ದಾಕ್ಷಿಣ್ಯ ಮಾಡುತ್ತೆ ಕಣ್ರೋ” ಅನ್ನುತ್ತಾಳೆ.

ಆ ಕಟ್ಟಳೆಯ ಮೇಲೆಯೇ ನನ್ನ ವಕ್ರದೃಷ್ಟಿ ಬಿತ್ತು. “ಅಭ್ಯಾಸಕ್ಕೆ ಯಾರೂ ಸಿಗ್ತಿಲ್ಲ, ಮಲಗಮ್ಮ” ಎಂದು ಗೋಗರೆದು ಅವಳದೇ ಇಸಿಜಿ ತೆಗೆದೆ. ಕಾಗದ ಹೊರಬರುವಷ್ಟರಲ್ಲಿ ಫೋನು ಬಂದು, ನೋಡದೆ ಎದ್ದುಹೋದಳು. ನೆಟ್ಟಗೆ ಓದಲು ನನಗಿನ್ನೂ ಬಾರದು. ನಿನ್ನೆ ತರಗತಿಯಲ್ಲಿ ರೋಗಿಗಳ ಕಾಗದಗಳ ನಡುವೆ ಅದನ್ನೂ ತೂರಿಸಿದೆ. ಗಟ್ಟಿಮುಟ್ಟಾದ ತನ್ನದೇ ಗುಂಡಿಗೆಯಲ್ಲಿ ರೋಗ ಹುಡುಕಿ ಅಮ್ಮ ತಬ್ಬಿಬ್ಬಾಗಲಿ ಎಂಬುದು ಘನ ಉದ್ದೇಶ.

ಅಮ್ಮ ತಬ್ಬಿಬ್ಬಾಗಲಿಲ್ಲ. ಗೆರೆಗಳ ಮೇಲೆ ಪೆನ್ನಿನ ತುದಿ ಓಡಿಸಿ, “ಈ ಮನುಷ್ಯಂಗೆ ಅಟ್ಯಾಕ್ ಆಗಿಹೋಗಿದೆ. ಪಾಪ, ಗೊತ್ತೇ ಆಗಿಲ್ಲ. ಇನ್ನೊಂದು ಬಾಗಿಲಲ್ಲೇ ನಿಂತಿದೆ. ಮನೆಯವ್ರೇನು ನಿದ್ದೆ ಮಾಡ್ತಿದ್ರಾ? ಯಾರದಿದು?” ಎಂದಳು.

 ಅಮ್ಮನೇ ಅಂಚು ಬಿಡಿಸಿದಳು. ಹೆಸರು ಓದಿದಳು. ಮತ್ತೆ ಮಡಚಿ, ಇನ್ನೊಮ್ಮೆ ಗೆರೆ ನೋಡಿದಳು ಕಣೇ ಅಕ್ಕ! ದಾಕ್ಷಿಣ್ಯವಾಗಬಾರದಲ್ಲ. ಆಮೇಲೆ ಮುಂದಿನ ಬೆಂಚಿನ ಜಾಣೆಯನ್ನು, “ಈಗೇನ್ ಮಾಡ್ಬೇಕಮ್ಮ?” ಎಂದು ಕೇಳಿದಳು. ಏನೂ ತಿಳಿಯದ ಆ ಪುಣ್ಯಾತ್ಗಿತ್ತಿ, “ಈ ಕ್ಷಣ ಅಡ್ಮಿಟ್ ಮಾಡ್ಬೇಕು ಮೇಡಂ” ಎಂದಳು. “ಭೇಷ್” ಎಂದ ಅಮ್ಮ ಬಿಳಿ ಕೋಟು ಬಿಚ್ಚಿ ನನ್ನ ಕೈಗಿತ್ತಳು. ಅದು ಇನ್ನೂ ಬೆಚ್ಚಗಿತ್ತು.

ಸಂಜೆ ಸ್ಟೆಂಟ್ ಹಾಕಿದರು. ಹಾಕಿದ್ದು, “ವಾಕಿಂಗ್ ಡಾಕ್ಟ್ರು” ಎಂದು ನಕ್ಕವರೇ. ಈಗ ಅಮ್ಮನಿಗಿಂತ ನನ್ನ ಎದೆಯೇ ಹೆಚ್ಚು ಬಡಿಯುತ್ತಿದೆ. ಬೇಗ ಬಾ.

ಇಂತಿ,
ನಗು ಮರೆತ ನಿನ್ನ
ತರಲೆ

ತಾ.ಕ.: ಇಸಿಜಿ ತೂರಿಸಿದ್ದು ಬರೀ ಕೀಟಲೆ ಎಂದು ಎಲ್ಲರಿಗೂ ಹೇಳಿದ್ದೇನೆ, ಅಮ್ಮನಿಗೂ. ನೀನೂ ಹಾಗೆಂದೇ ಹೇಳು. ಕೆಲವು ದಿನಗಳಿಂದ ಅಮ್ಮ ಕಾಲೇಜಿನ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತು ನೋಟಿಸ್ ಬೋರ್ಡ್ ಓದುತ್ತಿದ್ದಳು. ಒಮ್ಮೆ ಯಾರಾದರೂ ಡಾಕ್ಟರಿಗೆ ತೋರಿಸಿಕೋ ಎಂದರೆ, “ನಂಗೇ ಹೇಳ್ಕೊಡ್ತೀಯೇನೇ?” ಎಂದು ಗದರುತ್ತಿದ್ದಳು. ಅವಳು ನಂಬುವ ವೈದ್ಯೆ ಅವಳೊಬ್ಬಳೇ. ಮೊನ್ನೆ ಆ ಬೋರ್ಡಿನ ಮೇಲೆ ಒಂದು ಕಾಗದವೂ ಇರಲಿಲ್ಲ. ಅಮ್ಮ ಓದುತ್ತಲೇ ಇದ್ದಳು.