ಚಾದರದ ಇನ್ನೊಂದು ತುದಿ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಚಾದರ. ಹೆಂಡತಿ ಆಫೀಸಿಗೆ ಹೋದಳು. ನನ್ನ ಬಸ್ ಡ್ಯೂಟಿ ಮಧ್ಯಾಹ್ನಕ್ಕೆ. ಹಾಗಾಗಿ ಅತ್ತೆಯೂ ಒಗೆತವೂ ನನ್ನ ಪಾಲಿಗೆ. ಲಕ್ವ ಹೊಡೆದು ಅತ್ತೆಯ ಬಲಗೈ ಸ್ವಾಧೀನ ತಪ್ಪಿದೆ. ಅರ್ಧ ಆಯುಷ್ಯ ದೊಡ್ಡ ಹೋಟೆಲಿನ ಲಾಂಡ್ರಿ ಆಳಿದವರು. ನಾನು ಬಿಸಿಲಲ್ಲಿ ಒಣಗಿಸಿ ತಂದ ಲಿನೆನ್ ಚಾದರವನ್ನು ಎಡಗೈಯಲ್ಲಿ ತಟ್ಟಿ ನೋಡಿದರು.
"ಅಳಿಯಂದ್ರೇ, ಇದು ಚಾದರಾನೋ ತಗಡೋ?"
ಚಾದರ ಮಡಚತೊಡಗಿದೆ. ಬಸ್ಸಿನಲ್ಲಾದರೆ ಹಾರ್ನ್ ಹೊಡೆಯಬಹುದಿತ್ತು.

ಮಾರ್ಚ್ 5
ಥೆರಪಿಸ್ಟ್ ರಬ್ಬರ್ ಚೆಂಡು ಕೊಟ್ಟು ಹೋದರು. ಹಿಸುಕುತ್ತಾ ಇರಬೇಕಂತೆ, ಇಲ್ಲದಿದ್ದರೆ ಕೈ ಹೀಗೇ ಉಳಿದುಬಿಡಬಹುದಂತೆ. ಅತ್ತೆ ಅದನ್ನು ಮಂಚದ ಕೆಳಗೆ ಉರುಳಿಸಿದರು. "ನಾನೇನ್ ಮಗುನಾ?"
ಹೆಂಡತಿ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಕೇಳಿಸಿತು. ನನಗೂ ಭಯ.

ಮಾರ್ಚ್ 6
ಇವತ್ತು ಪಾಠ. "ಪೂರ್ತಿ ಒಣಗಿಸ್ಬೇಡಿ. ಪಸೆ ಇರೋವಾಗ್ಲೇ ತಂದು ಇಬ್ರು ಎಳೀಬೇಕು. ಆಮೇಲೆ ಇಸ್ತ್ರಿ."
ಇಬ್ಬರೆಲ್ಲಿ? ಒಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿ ಎಳೆದೆ. ಗಂಟು ಬಿಚ್ಚಿಕೊಂಡಿತು. ದೊಪ್ಪನೆ ಕೂತೆ. ಅತ್ತೆ ನಕ್ಕರು — ಬಾಯಿ ಸ್ವಲ್ಪ ಸೊಟ್ಟ, ಆದರೂ ನಗು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ಸೊಂಟ ಉಳುಕಿದರೂ ಖುಷಿಯಾಯಿತು.

ಮಾರ್ಚ್ 7
"ಚಿಲಕಕ್ಕೆ ಕಟ್ಟಿದ್ರೆ ಮೂಲೆ ಹರಿಯತ್ತೆ. ಕೊಡಿ ಇಲ್ಲಿ."
ಮೂಲೆಯನ್ನು ಬಲಗೈ ಬೆರಳುಗಳ ಸಂದಿಗೆ ತಾವೇ ತುರುಕಿಕೊಂಡರು. ಎಳೆದೆ. ಜಾರಿತು. ಮತ್ತೆ ಜಾರಿತು. ಬೈದರು... ನನ್ನನ್ನಲ್ಲ, ಕೈಯನ್ನು.

ಮಾರ್ಚ್ 19
ಬರೆಯಲು ಪುರುಸೊತ್ತಿಲ್ಲ. ಮನೆಯಲ್ಲಿ ಕೊಳೆ ಬಟ್ಟೆಯೇ ಉಳಿದಿಲ್ಲ. ಒಗೆದದ್ದನ್ನೇ ನೆನೆಸಿ, ಹಿಂಡಿ ಎಳೆಯಲು ತರುತ್ತೇನೆ. ಅತ್ತೆಗೆ ಗೊತ್ತು. ಗೊತ್ತಿಲ್ಲದವರ ಹಾಗೆ ಇದ್ದಾರೆ. ದಿಂಬಿನ ಕವರ್ ಇವತ್ತು ಅವರ ಬಲಗೈಯಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಹೆಂಡತಿಗೆ ಹೇಳಲಿಲ್ಲ. ಆಸೆ ಹುಟ್ಟಿಸಲು ಧೈರ್ಯ ಬರಲಿಲ್ಲ.

ಮಾರ್ಚ್ 28, ಹತ್ತು ಗಂಟೆ
ಡಬಲ್ ಚಾದರ. ಅತ್ತೆ ಕುರ್ಚಿಯಲ್ಲಿ, ನಾನು ಎದುರಿಗೆ. ಹೆಂಡತಿಗೆ ರಜೆ, ಬಾಗಿಲಲ್ಲಿ ನಿಂತಿದ್ದಳು.
"ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು ಅತ್ತೆ. ನಾನು ಹೇಳಬೇಕಾದ ಮಾತು!
ಎಳೆದರು. ಬಲಗೈಯಿಂದಲೇ. ನನ್ನ ಕೈಯಲ್ಲಿದ್ದ ಮೂಲೆ ಕಿತ್ತುಕೊಂಡು ಹೋಯಿತು.
"ಏನ್ ಅಳಿಯಂದ್ರೇ, ಕೈಯಲ್ಲಿ ಶಕ್ತಿನೇ ಇಲ್ವಾ? ಮಂಚದ ಕೆಳಗೆ ಚೆಂಡಿದೆ, ತಗೊಂಡು ಹಿಸುಕಿ."
ಹೆಂಡತಿ ಈ ಸಲ ನಲ್ಲಿ ಬಿಡದೆ ಅತ್ತಳು.
ಅತ್ತೆ ಕೂಗುತ್ತಿದ್ದಾರೆ. ಇನ್ನೊಂದು ಚಾದರ ಇದೆಯಂತೆ, ಪಸೆ ಆರುವ ಮೊದಲೇ —