ಹೇಳಬಾರದಿದ್ದ ಐದು ಹೆಜ್ಜೆಗಳು

ಅಕ್ಕಾ,

ನಿಮ್ಮನ್ನು ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಬರೆದರೂ ಗುರುತಿಲ್ಲದವರಿಗೆ ಬರೆದ ಹಾಗೆ ಕಾಣುತ್ತದೆ, ಅದಕ್ಕೇ ಹೀಗೆ. ನಾಲ್ಕು ತಿಂಗಳ ಹಿಂದೆ ನಿಮ್ಮ ದೇಶಕ್ಕೆ ಸೇವೆ ಮಾಡುತ್ತೇವೆಂದು ಬಂದಿಳಿದ ಹನ್ನೆರಡು ವಿದ್ಯಾರ್ಥಿಗಳಲ್ಲಿ ನಾನೊಬ್ಬಳು. ನಿಮ್ಮ ಭಾಷೆಯನ್ನು ಆರು ತಿಂಗಳು ತರಗತಿಯಲ್ಲಿ ಕಲಿತು ಬಂದು, ಮೊದಲ ದಿನವೇ ಬಾಯಿ ತೆರೆದು ಎಲ್ಲರನ್ನೂ ನಗಿಸಿದವಳು. ಇಷ್ಟಕ್ಕೆ ಗುರುತು ಹತ್ತದಿದ್ದರೂ, ನಿಮ್ಮ ಮಗಳ ವಿಡಿಯೊ ತೋರಿಸಿದವಳು ಎಂದರೆ ಖಂಡಿತ ಹತ್ತುತ್ತದೆ.

ನೀವು ಕೆಲಸ ಮಾಡುವ ಲಾಂಡ್ರಿಯ ಹಿಂದುಗಡೆಯೇ, ದುಡಿಯುವ ತಾಯಂದಿರು ಹಗಲು ಮಕ್ಕಳನ್ನು ಬಿಟ್ಟುಹೋಗುವ, ನಾವು ಸೇವೆಗೆ ಬಂದ ಮಕ್ಕಳ ಮನೆ. ಆಯಾಗಳಿಗೆಲ್ಲ ಹಿರಿಯರಾದ ದೊಡ್ಡಮ್ಮ ನಮ್ಮ ತಂಡವನ್ನು ಕಂಡು, ಸಾಕಬೇಕಾದ ಮಕ್ಕಳು ಇನ್ನೂ ಹನ್ನೆರಡು ಹೆಚ್ಚಾದವಲ್ಲ ಎಂದು ಹಣೆ ಚಚ್ಚಿಕೊಂಡರಂತೆ. ಅವರು ಹೇಳಿದ್ದು ಸುಳ್ಳಲ್ಲ. ನನಗೆ ಒಂದು ಮಗುವಿನ ಮೂಗು ಒರೆಸಲೂ ನೆಟ್ಟಗೆ ಬರುತ್ತಿರಲಿಲ್ಲ. ಆಟಿಕೆ ತೊಳೆಯುವುದು, ಬಟ್ಟೆ ಮಡಿಸುವುದು, ಗಂಜಿ ಆರಿಸುವುದು, ಇಷ್ಟೇ ನನ್ನ ಸೇವೆ.

ನಿಮ್ಮ ಮಗಳನ್ನು ಅಲ್ಲಿ ಎಲ್ಲರೂ ಯಜಮಾನಿ ಎನ್ನುತ್ತಿದ್ದರು. ಎರಡು ತುಂಬಿದರೂ ನಡಿಗೆ ಬಾರದ ಅವಳು ಚಾಪೆಯ ನಟ್ಟನಡುವೆ ಕೂತು ಬೆರಳು ತೋರಿಸಿದರೆ ಸಾಕು, ಚೆಂಡು, ಲೋಟ, ಪಕ್ಕದ ಮಗುವಿನ ಬಿಸ್ಕತ್ತು ಎಲ್ಲವೂ ಅವಳ ಮುಂದೆ ಹಾಜರಾಗುತ್ತಿತ್ತು. ಎರಡನೇ ದಿನಕ್ಕೇ ನಾನು ಅವಳ ಆಳಾಗಿಬಿಟ್ಟೆ. ಸಂಜೆ ನೀವು ಬಾಗಿಲಲ್ಲಿ ನಿಂತು, ಬಿಸಿ ಇಸ್ತ್ರಿಯಂತ್ರಕ್ಕೆ ಚಾದರ ಕೊಟ್ಟು ಕೊಟ್ಟು ಕೆಂಪಾದ ಕೈಗಳನ್ನು ಚಾಚಿ, ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಿರಿ: "ಇವತ್ತೇನು ಮಾಡಿದ್ಲು ನನ್ನ ಮಗಳು?" ನಾನು ದಿನವಿಡೀ ಆ ಪ್ರಶ್ನೆಗೆ ಉತ್ತರ ಕೂಡಿಹಾಕುತ್ತಿದ್ದೆ.

ವಾರದ ರಜೆಯ ದಿನ ನಿಮ್ಮ ಮನೆಗೆ ಬಂದಿದ್ದೆ. ಕುಟುಂಬಗಳನ್ನು ಭೇಟಿ ಮಾಡಬೇಕೆಂದು ನಮ್ಮ ಕಾರ್ಯಕ್ರಮದಲ್ಲಿತ್ತು. ಒಂದೇ ಕೋಣೆ. ಮಂಚ, ಕುರ್ಚಿ, ಬಟ್ಟೆಯ ಪೆಟ್ಟಿಗೆ, ಮೂರನ್ನೂ ಮಗುವಿನ ಒಂದೊಂದು ಹೆಜ್ಜೆಯ ಅಳತೆಗೆ ಸರಿಸಿಟ್ಟಿದ್ದಿರಿ. ಏಳು ತಿಂಗಳಿಗೇ ಹುಟ್ಟಿದ ಕೂಸು, ನಡೆದರೆ ನಡೆದಳು, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದನ್ನು ನೀವು ಹೇಳಿದಿರಿ. ರಜೆ ಬಂದರೆ ಬೆಳಗಿನಿಂದ ನೆಲದ ಮೇಲೆ ಕೂತು ಅವಳತ್ತ ಕೈಚಾಚುವುದೇ ಕೆಲಸವಂತೆ. ಮಿಕ್ಕ ದಿನ ನೀವು ಮನೆ ಸೇರುವಷ್ಟರಲ್ಲಿ ಅವಳಿಗೆ ನಿದ್ದೆ. "ಅದೊಂದು ನನ್ನ ಕಣ್ಣಾರೆ ನೋಡ್ಬೇಕು. ಹಲ್ಲು ಬಂದಿದ್ದೂ ನೋಡ್ಲಿಲ್ಲ. ಇದೊಂದು ಸಾಕು" ಎಂದಿರಿ. ಇದನ್ನು ಕೇಳಿಯೂ ನಾನು ಹಾಗೆ ಮಾಡಿದೆನಲ್ಲ ಅಕ್ಕಾ, ಅದೇ ನನ್ನನ್ನು ಇಂದಿಗೂ ತಿನ್ನುತ್ತಿದೆ.

ಹತ್ತನೇ ದಿನ, ಮಧ್ಯಾಹ್ನದ ಊಟಕ್ಕೆ ಮೊದಲು. ಆಯಾಗಳೆಲ್ಲ ಅಡುಗೆಮನೆಯಲ್ಲಿ ತಟ್ಟೆಗಳಿಗೆ ಊಟ ಬಡಿಸುತ್ತಿದ್ದರು. ಕಾಲೇಜಿನ ವರದಿಗೆ ಬೇಕೆಂದು ಫೋನನ್ನು ಆಟಿಕೆಗಳ ಕಪಾಟಿನ ಮೇಲೆ ಆನಿಸಿಟ್ಟು ಮಕ್ಕಳ ಆಟ ಚಿತ್ರೀಕರಿಸುತ್ತಿದ್ದೆ. ಯಜಮಾನಿ ಬೆಂಚು ಹಿಡಿದು ಎದ್ದಳು. ನನ್ನ ಕೈಯಲ್ಲಿದ್ದ ಕೆಂಪು ಲೋಟಕ್ಕೆ ಬೆರಳು ತೋರಿಸಿದಳು. ನಾನು ಕೊಡಲಿಲ್ಲ, ಸುಮ್ಮನೆ ಕಾಡಿಸೋಣವೆಂದು. ಅವಳಿಗೆ ಸಿಟ್ಟು ಬಂತು, ಬೆಂಚು ಬಿಟ್ಟು ಬಂದೇಬಿಟ್ಟಳು. ಒಂದು, ಎರಡು, ಐದು ಹೆಜ್ಜೆ. ಆಮೇಲೆ ನನ್ನ ಮಡಿಲಲ್ಲಿ ಧೊಪ್ಪನೆ ಬಿದ್ದಳು.

ನಾನು ಕಿರುಚಿದ್ದು ಕೇಳಿ ದೊಡ್ಡಮ್ಮ ಓಡಿ ಬಂದರು. ವಿಷಯ ತಿಳಿದು ಮಗುವನ್ನು ಎತ್ತಿ ಮುದ್ದಿಸಿ, "ಸರಿ, ಊಟ ಮಾಡ್ಸು" ಎಂದು ಹೊರಟುಹೋದರು. ಇವರದೇನು ಕಲ್ಲು ಮನಸ್ಸಪ್ಪಾ ಎಂದುಕೊಂಡೆ. ಸಂಜೆಯಾಗುವುದನ್ನೇ ಕಾಯುತ್ತಿದ್ದು, ನೀವು ಬಂದ ಕೂಡಲೇ ಬಾಗಿಲಿಗೆ ಓಡಿ, ನಿಮ್ಮ ಪ್ರಶ್ನೆಗೂ ಬಿಡದೆ ಫೋನು ಹಿಡಿದೆ.

ನೀವು ಎರಡು ಸಲ ನೋಡಿದಿರಿ. ಎರಡನೆಯ ಸಲ ತುಟಿಗಳು ಹೆಜ್ಜೆ ಎಣಿಸಿದವು. ಆಮೇಲೆ ಕೇಳಿದಿರಿ, "ಯಾರ ಹತ್ರ ಬಂದ್ಲು?"

ನನ್ನ ಹತ್ತಿರ ಎಂದೆ. ಬೀಗಿಕೊಂಡೇ ಹೇಳಿದೆ ಅಕ್ಕಾ. ಬಂದು ಹತ್ತು ದಿನವಾಗಿದ್ದ ನಾನು, ಎರಡು ವರ್ಷ ಕೈಚಾಚಿ ಕೂತಿದ್ದ ನಿಮಗೆ.

ನಿಮ್ಮ ಮುಖ ಕಪ್ಪಿಟ್ಟಿತು. ಮಗುವನ್ನು ಹೆಗಲಿಗೇರಿಸಿಕೊಂಡು ನಾಲ್ಕು ಮಾರು ಹೋದವರು ತಿರುಗಿ ಬಂದಿರಿ. "ಅದನ್ನ ಅಳಿಸಿಬಿಡ್ತೀಯಾ? ಯಾರಿಗೂ ತೋರಿಸ್ಬೇಡ" ಎಂದಿರಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ನೀವು ಬೇಡಿಕೊಂಡ ಹಾಗಿತ್ತು. ನಾನು ಫೋನಿನ ಮೇಲೆ ಬೆರಳಾಡಿಸಿ, ಅಳಿಸಿದೆ ಎಂದೆ. ಅಳಿಸಿರಲಿಲ್ಲ.

ಒಳಗೆ ಬಂದರೆ ದೊಡ್ಡಮ್ಮ ಮಗುವೊಂದಕ್ಕೆ ಸ್ನಾನ ಮಾಡಿಸುತ್ತಿದ್ದರು. ನಾನು ಮಾಡಿದ್ದನ್ನು ಕೇಳಿ ಅವರ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಅಲ್ಲಿನ ಆಯಾಗಳ ಕಟ್ಟುಪಾಡನ್ನು ನನಗೆ ಆಗ ಹೇಳಿದರು. ಮೊದಲ ಹೆಜ್ಜೆಯನ್ನಾಗಲಿ ಮೊದಲ ಮಾತನ್ನಾಗಲಿ ತಾಯಂದಿರಿಗೆ ಅವರು ಯಾವತ್ತೂ ಹೇಳುವುದಿಲ್ಲವಂತೆ. "ಈ ಮನೇಲಿ ಮೊದಲನೇದು ಅಂತ ಏನೂ ಆಗಲ್ಲ, ಮಗಳೇ. ಆಗೋದೆಲ್ಲ ಎರಡನೇದು. ಮೊದಲನೇದು ಅವರವರ ಮನೇಲಿ, ಅವರವರ ಅಮ್ಮನ ಎದುರಿಗೇ ಆಗೋದು." ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡು ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೂವತ್ತು ವರ್ಷ ಆ ಹೆಂಗಸು ಎಷ್ಟು ಮಕ್ಕಳ ಹೆಜ್ಜೆಗಳನ್ನು ನುಂಗಿಕೊಂಡಿರಬೇಕು. ನಾನು ಅವರನ್ನು ಕಲ್ಲು ಎಂದಿದ್ದೆ.

ಉಳಿದ ಹನ್ನೊಂದು ದಿನ ಯಜಮಾನಿ ಮತ್ತೆ ಹೆಜ್ಜೆ ಎತ್ತಲಿಲ್ಲ. ಬಿದ್ದ ಹೆದರಿಕೆ, ಹೋಗುತ್ತದೆ ಎಂದರು ದೊಡ್ಡಮ್ಮ. ನೀವು ದಿನಾ ಬಂದಿರಿ, ನನ್ನನ್ನು ಕಂಡು ನಕ್ಕಿರಿ, ಮಗುವನ್ನು ಎತ್ತಿಕೊಂಡು ಹೋದಿರಿ. ಇವತ್ತೇನು ಮಾಡಿದ್ಲು ಎಂದು ಮಾತ್ರ ಮತ್ತೆ ಕೇಳಲಿಲ್ಲ. ಹೊರಡುವ ದಿನ ಕ್ಷಮೆ ಕೇಳಬೇಕೆಂದು ವಾಕ್ಯಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ನೀವು ನನ್ನ ಕೆನ್ನೆ ತಟ್ಟಿದಿರಿ, ನಾನು ಆ ವಾಕ್ಯಗಳನ್ನೆಲ್ಲ ಹೊತ್ತುಕೊಂಡೇ ಬಸ್ಸು ಹತ್ತಿದೆ.

ಇನ್ನು ಹೇಳುವುದು ಅದಕ್ಕಿಂತ ಕೆಟ್ಟದ್ದು. ಊರಿಗೆ ಮರಳಿದ ಮೇಲೆ ಕಾಲೇಜಿನ ಸಭಾಂಗಣದಲ್ಲಿ ನಮ್ಮ ಪ್ರವಾಸದ ಬಗ್ಗೆ ಮಾತಾಡಲು ಕರೆದರು. ಮುನ್ನೂರು ಜನ. ಬೇಡ ಬೇಡವೆಂದುಕೊಂಡೇ ಕೊನೆಯಲ್ಲಿ ಆ ವಿಡಿಯೊ ಹಾಕಿದೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಾ, ಅವರಮ್ಮನಿಗೆ ಎಷ್ಟು ಖುಷಿಯಾಗಿರಬೇಕಲ್ವಾ ಎಂದು ಕೇಳಿದಳು. ತುಂಬಾ ಎಂದೆ. ಪ್ರಶಸ್ತಿಪತ್ರ ಕೊಟ್ಟರು, ತೆಗೆದುಕೊಂಡೆ.

ನಿನ್ನೆ ದೊಡ್ಡಮ್ಮನ ಸಂದೇಶ ಬಂತು. ನೀವು ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಮಕ್ಕಳ ಮನೆಗೆ ಓಡಿ ಬಂದಿರಂತೆ. ಹಿಂದಿನ ದಿನ, ವಾರದ ರಜೆಯ ಸಂಜೆ, ಮಗಳು ಮಂಚದಿಂದ ನಿಮ್ಮ ತನಕ ನಡೆದಳು, ನಾಲ್ಕು ಹೆಜ್ಜೆ, ಇದೇ ಮೊದಲು, ಎಂದು ಎಲ್ಲ ಆಯಾಗಳಿಗೂ ಒಬ್ಬೊಬ್ಬರಿಗೇ ಹೇಳಿದಿರಂತೆ. ಅವರೆಲ್ಲ ಈಗಷ್ಟೇ ಕೇಳಿದವರ ಹಾಗೆ ಕುಣಿದಾಡಿದರಂತೆ. ಕೊನೆಯಲ್ಲಿ ಬರೆದಿದ್ದರು: "ನಿಂಗೂ ತಿಳಿಸೋಕೆ ಹೇಳಿದ್ದಾಳೆ. ನಿಂಗೂ ಇದು ಹೊಸ ಸುದ್ದಿ, ತಿಳೀತಾ?"

ಅದನ್ನು ಓದಿ ತುಂಬ ಹೊತ್ತು ಅತ್ತೆ. ವಿಡಿಯೊವನ್ನು ಈ ಸಲ ನಿಜವಾಗಿ ಅಳಿಸಿದೆ, ಕಾಲೇಜಿನವರಿಂದಲೂ ಅಳಿಸಿಸಿದೆ. ನೋಡಿದ ಮುನ್ನೂರು ಜನರ ಕಣ್ಣಿನಿಂದ ಅಳಿಸಲು ನನ್ನಿಂದಾಗದು. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳೋಣವೆಂದರೆ, ಮೊದಲು ನಿಮಗೆ ಹೇಳಬೇಕಾಗುತ್ತದೆ. ಹೇಳಿದರೆ ಆ ಐದು ಹೆಜ್ಜೆಗಳನ್ನು ಮತ್ತೆ ನಿಮ್ಮ ಮನೆಯೊಳಗೆ ತಂದಿಟ್ಟ ಹಾಗೆ. ಹಾಗಾಗಿ ಈ ಕಾಗದ ನನ್ನ ಬಳಿಯೇ ಇರುತ್ತದೆ. ನಿಮಗೆ ಅಂಚೆಗೆ ಹಾಕುತ್ತಿರುವುದು ಇಷ್ಟನ್ನೇ:

ಅಕ್ಕಾ, ಯಜಮಾನಿ ನಡೆದಳೆಂದು ದೊಡ್ಡಮ್ಮ ತಿಳಿಸಿದರು. ಕೇಳಿ ತುಂಬ ಸಂತೋಷವಾಯಿತು. ಮೊದಲ ಸಲವೇ ನಾಲ್ಕು ಹೆಜ್ಜೆ ಎಂದರೆ ಸಾಮಾನ್ಯವೇ? ನೋಡಲು ನಾನಿರಲಿಲ್ಲವಲ್ಲ ಎಂಬುದೊಂದೇ ಬೇಸರ. ನಿಮ್ಮ ಕಣ್ಣೆದುರಿಗೇ ಅವಳು ನೂರು ವರ್ಷ ಓಡಾಡಿಕೊಂಡಿರಲಿ.

ಇಂತು,
ನಿಮ್ಮ ತಂಗಿ