ಊದೋಕೊಂದು ಜಾಗ

ಮಾರ್ಚ್ ೧೨, ಮಂಗಳವಾರ

ನನ್ನ ಮುದ್ದು ತಂಗಿಗೆ,

ಚೆನ್ನಾಗಿದ್ದೀಯಾ? ಮಂಡಿನೋವು ಹೇಗಿದೆ? ನಿನ್ನ ಕಾಗದಗಳಿಗೆ ಉತ್ತರ ಬರೆದಿಲ್ಲ, ಬೈಕೋಬೇಡ. ಬಿಡುವಿಲ್ಲ ಅಂತಲ್ಲ, ತಲೆ ಕೆಟ್ಟು ಕೂತಿದೆ. ನೀನು ಕೊಡಿಸಿದ ಟ್ರಂಪೆಟ್ ಊದೋಕೆ ಇಷ್ಟು ದೊಡ್ಡ ಊರಲ್ಲಿ ನನಗೊಂದು ಜಾಗ ಸಿಗ್ತಿಲ್ಲ ಕಣೆ.

ಊರಿನ ಬ್ಯಾಂಡಿಗೆ ಒಬ್ಬರು ಬೇಕಂತೆ, ಪರೀಕ್ಷೆ ಇದೆ ಅಂತ ಬರೆದಿದ್ದೆನಲ್ಲ. ಐವತ್ತು ದಾಟಿದ ಮೇಲೆ ನನಗಿದ್ದದ್ದು ಅದೊಂದೇ ಆಸೆ. ಆದರೆ ಮನೆಯಲ್ಲಿ ಊದುವ ಹಾಗಿಲ್ಲ. ಕೆಳಮನೆ ಟೀಚರಿಗೆ ತಲೆನೋವಂತೆ, ಮೇಲಿನ ಮನೆ ಮಗು ಬೆಚ್ಚಿಬೀಳುತ್ತಂತೆ, ಎದುರುಮನೆಯವರು ಪೊಲೀಸರಿಗೆ ಹೇಳ್ತೀವಿ ಅಂದರಂತೆ. ಪಾಪ, ನಿನ್ನ ಭಾವ ಮೆಟ್ಟಿಲ ಮೇಲೆ ಎಲ್ಲರ ಹತ್ತಿರ ಅನ್ನಿಸಿಕೊಂಡು ಬಂದು ನನಗೆ ಮೆತ್ತಗೆ ಹೇಳ್ತಾರೆ. ನಾನು ತಲೆ ತಗ್ಗಿಸಿಕೊಂಡು ಓಡಾಡ್ತೀನಿ.

ಮೊದಲು ಟ್ರಂಪೆಟ್ಟಿನ ಬಾಯಿಗೆ ಕಾಲುಚೀಲ ತುರುಕಿ ಊದಿದೆ. ನೆಗಡಿಯಾದ ಎಮ್ಮೆ ಹಾಗೆ ಕೇಳಿಸ್ತು. ಆಮೇಲೆ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿದೆ. ಪಾರ್ಕಿಗೆ ಹೋದರೆ ವಾಚ್‌ಮನ್ ಸದ್ದು ಮಾಡಬಾರದು ಅನ್ನೋ ಬೋರ್ಡ್ ತೋರಿಸಿದ. ಕಾರಿನ ಗಾಜು ಏರಿಸಿ ಕೂತು ಊದಿದರೆ, ದಾರಿಯಲ್ಲಿ ಹೋಗ್ತಿದ್ದವರೊಬ್ಬರು ನನ್ನ ಉಬ್ಬಿದ ಕೆನ್ನೆ ನೋಡಿ, ಯಾರಿಗೋ ಉಸಿರು ಕಟ್ಟಿದೆ ಅಂತ ಬಾಗಿಲು ಎಳೆದರು. ಮಾನ ಹೋಯ್ತು.

ಕೊನೆಗೆ ನಾನು ಕೆಲಸ ಮಾಡೋ ಬೇಕರಿಯಲ್ಲಿ ಹಿಟ್ಟು ಉಬ್ಬಿಸುವ ಕೋಣೆ ನೆನಪಾಯ್ತು. ದಪ್ಪ ಬಾಗಿಲು, ಒಂಚೂರೂ ಸದ್ದು ಆಚೆ ಬರಲ್ಲ. ಆದರೆ ಒಳಗೆ ಬಿಸಿ, ಹಬೆ. ಸೆಕೆ ತಡೆಯಲಾರದೆ ನಡುನಡುವೆ ಬಾಗಿಲು ತೆಗೆದು ಉಸಿರಾಡಿದೆ. ತಣ್ಣನೆ ಗಾಳಿ ನುಗ್ಗಿ, ಉಬ್ಬಿದ್ದ ಹಿಟ್ಟೆಲ್ಲ ತಟ್ಟೆಯಲ್ಲೇ ಕೂತುಬಿಡ್ತು. ಇಷ್ಟು ವರ್ಷ ಆ ಬಾಗಿಲು ತೆರೆದಿಟ್ಟವರಿಗೆಲ್ಲ ಬೈದವಳು ನಾನೇ! ನಿನ್ನ ಸಂಗೀತ ಕೇಳಿ ಬ್ರೆಡ್ಡಿಗೂ ಜೀವ ಸಾಕಾಯ್ತು ಅಂದರು ಮಾಲೀಕರು. ಎಲ್ಲರೂ ನಕ್ಕರು, ನನಗೆ ಅಳು ಬಂತು.

ದಿನಾ ಊದದಿದ್ದರೆ ತುಟಿಯ ಬಿಗಿ ಹೋಗುತ್ತೆ, ಮೇಲಿನ ಸ್ವರ ಒಡೆಯುತ್ತೆ. ಒಡೆದ ಸ್ವರ ಇಟ್ಟುಕೊಂಡು ಪರೀಕ್ಷೆಗೆ ಯಾವ ಮುಖದಲ್ಲಿ ಹೋಗಲಿ? ಮೊನ್ನೆ ಭಾನುವಾರ ಪರೀಕ್ಷೆಗೆ ಹೋಗದೆ ಮನೆಯಲ್ಲೇ ಉಳಿದೆ. ಬೇರೆ ಯಾರನ್ನೋ ತಗೊಂಡರಂತೆ. ಊರವರ ಬಾಯಿ ಮುಚ್ಚಿಸೋಕಾಗುತ್ತಾ, ಬಿಟ್ಟುಬಿಡು ಅಂತ ನಿನ್ನ ಭಾವ ಸಮಾಧಾನ ಮಾಡಿದರು. ನಾನು ಬಿಡಲ್ಲ, ಜಾಗ ಹುಡುಕ್ತಾನೇ ಇದ್ದೀನಿ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಮಕ್ಕಳಿಗೆ ನನ್ನ ಮುತ್ತು. ನೂರು ಕಾಲ ನಗ್ತಾ ಇರು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೇದಾಯ್ತು. ಇವತ್ತು ಮೆಟ್ಟಿಲ ಹತ್ತಿರ ಕೆಳಮನೆ ಟೀಚರ್ ಸಿಕ್ಕರು. ತಲೆನೋವು ತಂದಿದ್ದಕ್ಕೆ ನಾನೇ ಕ್ಷಮೆ ಕೇಳಿದೆ. ಅವರು ಅಚ್ಚರಿಯಿಂದ ನೋಡಿ, "ಯಾವ ತಲೆನೋವು? ನೀವು ಊದೋದು ಯಾಕೆ ನಿಲ್ಲಿಸಿದಿರಿ ಅಂತ ನಿಮ್ಮ ಯಜಮಾನರನ್ನ ನಾವೆಲ್ಲ ಕೇಳಿದ್ವಿ. ಅವಳಿಗೇ ಬೇಜಾರು ಬಂತು ಅಂತ ಅವರೇ ಹೇಳಿದರಲ್ಲ" ಅಂದರು.

ನೀನು ಊದೋದು ಕೇಳೋಕಾಗಲ್ಲ ಅಂತ ನಿನ್ನ ಭಾವನೇ ನೇರವಾಗಿ ಹೇಳಿದ್ದರೆ ಜಗಳ ಆಡಿ, ಅತ್ತು, ಸುಮ್ಮನಾಗ್ತಿದ್ದೆ ಕಣೆ. ಒಳಗೆ ಬಂದಾಗ ಟೀ ಕುಡೀತಾ ಕೂತಿದ್ದರು. "ಇವತ್ತಾದರೂ ಜಾಗ ಸಿಕ್ಕಿತೇನೆ?" ಅಂತ ಪ್ರೀತಿಯಿಂದ ಕೇಳಿದರು.

ಇಲ್ಲ ಅಂದೆ.